ಎರಡು ಮನೆಯ ಹಾಲು, ಒಂದು ಕ್ಯಾನು

ನಮ್ಮೂರ ಹಾಲಿನ ಡೇರಿಯಲ್ಲಿ ನಾನು ಸೆಕ್ರೆಟರಿಯಾಗಿದ್ದೆ. ಸಿದ್ದಾಪುರದ ಹೈಸ್ಕೂಲಿನಲ್ಲಿ ಕಲಿತ ಬೀಜಗಣಿತ ಇನ್ನೂ ಮರೆತಿಲ್ಲ ಎಂಬ ಜಂಬ ನನಗೆ. ಆ ಜಂಬದಿಂದಲೇ ಒಬ್ಬ ಹೆಂಗಸಿನ ಮರ್ಯಾದೆ ಕಳೆದೆ.

ಊರ ತುದಿಯ ಓರಗಿತ್ತಿಯರಿಬ್ಬರು ಬೇರೆ ಬೇರೆ ಮನೆ ಮಾಡಿದ್ದರೂ ಒಂದೇ ಕ್ಯಾನಿನಲ್ಲಿ ಹಾಲು ತರುತ್ತಿದ್ದರು. ಒಂದು ದಿನ ಹಿರಿಯವಳದು ಎರಡು ಲೀಟರು, ಕಿರಿಯವಳದು ಒಂದು. ಹಾಲಿನ ಕೊಬ್ಬು ಅಳೆದರೆ ಫ್ಯಾಟು ನಾಲ್ಕು ಬಂತು. ಮರುದಿನ ಹಿರಿಯವಳದು ಒಂದು, ಕಿರಿಯವಳದು ಎರಡು, ಫ್ಯಾಟು ಮೂರಕ್ಕಿಳಿಯಿತು. ಯಾರದೋ ಹಾಲಿಗೆ ನೀರು ಬಿದ್ದಿದೆ ಎಂದುಕೊಂಡೆ. ಇಬ್ಬರ ಹಾಲನ್ನೂ ಬೇರೆ ಬೇರೆ ತರಿಸಿ ನೋಡಿದ್ದರೆ ಮುಗಿಯುತ್ತಿತ್ತು. ನಾನು ಹಿರಿಯವಳ ಹಾಲಿನ ಫ್ಯಾಟು x, ಕಿರಿಯವಳದು y ಎಂದಿಟ್ಟುಕೊಂಡು, ಲೀಟರಿನಿಂದ ಗುಣಿಸಿ ಬರೆದೆ: 2x + y = 12, x + 2y = 9. ಎರಡನೆಯದನ್ನು ದುಪ್ಪಟ್ಟು ಮಾಡಿ ಮೊದಲನೆಯದನ್ನು ಕಳೆದೆ. y ಎರಡು, x ಐದು. ತಾಳೆ ನೋಡಿದೆ, ಸರಿಯಿತ್ತು.

ಸಾಲಿನವರೆಲ್ಲ ಕೇಳುವಂತೆ ಕಿರಿಯವಳಿಗೆ, "ನೀರು ಹಾಕಿದ್ದು ನೀನೇ" ಎಂದೆ.

"ಇಲ್ಲ ಸೆಕ್ರೆಟ್ರೇ, ಕರುವಿಗೆ ಹುಷಾರಿಲ್ಲ, ಹೆಚ್ಚು ಕುಡೀತಿಲ್ಲ. ಕಡೆಗೆ ಬರೋ ಗಟ್ಟಿ ಹಾಲಷ್ಟೇ ಅದಕ್ಕೆ ಬಿಟ್ಟೆ, ಅದಕ್ಕೇ ಇದು ತೆಳು."

"ಕರುವಿನ ಕತೆ ಬೇಡ. ಲೆಕ್ಕ ಸುಳ್ಳು ಹೇಳೂದಿಲ್ಲ."

ಮರುದಿನ ಹಿರಿಯವಳು ತನ್ನ ಹಾಲನ್ನಷ್ಟೇ ತಂದಳು. ನನ್ನ ಲೆಕ್ಕದಂತೆ ಐದು ಬರಬೇಕು; ನಾಲ್ಕು ಬಂತು. ಆಗಲೇ ತಿಳಿಯಿತು. ಎರಡೂ ದಿನದ y ಒಂದೇ ಆಗಿದ್ದರೆ ಮಾತ್ರ ನನ್ನ ಉತ್ತರ ಸರಿ. ಹಿರಿಯವಳದು ನಾಲ್ಕಾದರೆ ಕಿರಿಯವಳದು ಮೊದಲ ದಿನ ನಾಲ್ಕು, ಕರುವಿಗೆ ಹುಷಾರಿಲ್ಲದ ದಿನ ಎರಡೂವರೆ; ಅವಳು ಹೇಳಿದ ಗಟ್ಟಿ ಹಾಲಿನ ಮಾತಿಗೆ ಅದು ತಾಳೆಯಾಗುತ್ತಿತ್ತು. ತಿಳಿದೂ ಸುಮ್ಮನಿದ್ದೆ. ಕಿರಿಯವಳು ಮತ್ತೆ ಡೇರಿಗೆ ಬರಲಿಲ್ಲ.

ವರ್ಷಗಳು ಕಳೆದವು. ಈಗ ಡೇರಿ ಕೆಲಸ ಬಿಟ್ಟು ನಾನೇ ಒಂದು ಆಕಳು ಸಾಕಿದ್ದೇನೆ. ಹೋದ ವಾರ ಕರು ಸೊರಗಿತ್ತೆಂದು ಕಡೆಯ ಹಾಲು ಅದಕ್ಕೆ ಬಿಟ್ಟೆ. ಫ್ಯಾಟು ಇಳಿದದ್ದು ಕಂಡು ಡೇರಿಯ ಮಷಿನ್ ನೋಡುವ ಹುಡುಗಿ ಕೇಳಿದಳು: "ಎಂತ ಅಜ್ಜಾ, ಆಕಳು ಕರೆದ್ರಾ, ಬಾವಿ ಕರೆದ್ರಾ?"

ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ. ಖಾಲಿ ಕ್ಯಾನು ಹಿಡಿದುಕೊಂಡೇ ಕಿರಿಯವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆಗೂ ತಲೆ ನರೆತಿತ್ತು.

"ನೀರು ಹಾಕ್ಲಿಲ್ಲ ಅಂತ ನನಗೆ ಗೊತ್ತಿಲ್ವಾ? ನನಗೆ ಹೇಳಿ ಎಂತ ಬಂತು? ಅವತ್ತು ಸಾಲಿನ ಎದುರು ಹೇಳಿದ್ರಿ, ಇದನ್ನೂ ಅಲ್ಲೇ ಹೇಳಿ." ಒಳಗೆ ಹೋಗಿ ಚಾ ತಂದಳು. "ಇದಕ್ಕೆ ಮಾತ್ರ ನೀರು ಹಾಕಿದ್ದೇನೆ, ನೋಡಿ."

ಮರುದಿನ ಬೆಳಿಗ್ಗೆ ಸಾಲಿನ ಮುಂದೆ ನಿಂತು ಹೇಳಿದೆ. x, y ಯಾರಿಗೂ ಬೇಕಿರಲಿಲ್ಲ. "ಆಕೆ ನೀರು ಹಾಕಿರಲಿಲ್ಲ, ನನಗದು ಗೊತ್ತಿತ್ತು" ಎಂದಷ್ಟೇ ಹೇಳಿದೆ. ಹಿಂದಿನಿಂದ ಆಕೆ ಒಂದು ತಂಬಿಗೆ ಹಾಲು ಹಿಡಿದು ಮುಂದೆ ಬಂದಳು. ಹುಡುಗಿ ಕೈ ಚಾಚಿದರೆ ಕೊಡಲಿಲ್ಲ; ತಂಬಿಗೆಯನ್ನು ನನ್ನ ಕಡೆ ಹಿಡಿದಳು.

"ಇವರೇ ನೋಡ್ಲಿ."