ಮೂಲೆ ಹಿಡಿಯದ ಮುನಿವೆಂಕಟಮ್ಮ

ಮುನಿವೆಂಕಟಮ್ಮ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಕುಳಿತವರು ಆಡಿದ ಮಾತು ನನ್ನ ಕಿವಿಗೆ ಬಿತ್ತು. "ಒಳ್ಳೆ ಹೆಂಗಸು, ಪಾಪ. ಕಡೆಗಾಲದಾಗೆ ಒಸಿ ತಲೆ ಕೆಟ್ಟಿತ್ತು." ನಾನು ಎಲೆ ಬಿಟ್ಟು ಎದ್ದುಬಂದೆ. ಆಕೆಯ ತಲೆ ಕೆಟ್ಟಿರಲಿಲ್ಲ. ಊರಿನಲ್ಲಿ ನೆಟ್ಟಗಿದ್ದ ತಲೆಗಳಲ್ಲಿ ಅದೊಂದು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡಬಳ್ಳಾಪುರದಿಂದ ರಾಜಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ನಾನು ಬಳ್ಳಾಪುರದ ನೇಕಾರರ ಮನೆಯವನು. ಇಲ್ಲಿಯ ಶಾಲೆಗೆ ಮೇಷ್ಟ್ರಾಗಿ ಬಂದು ಇಲ್ಲೇ ಮುದುಕನಾದೆ. ಮುನಿವೆಂಕಟಮ್ಮನದು ಹೊಲಗದ್ದೆ ಬೇಕಾದಷ್ಟಿದ್ದ ಮನೆ. ಗಂಡ ಪಿಳ್ಳಪ್ಪ ತಿರುಪತಿ ವೆಂಕಟರಮಣನ ಒಕ್ಕಲು, ವಂಶಪಾರಂಪರ್ಯವಾಗಿ ದಾಸಯ್ಯ. ಶ್ರಾವಣ ಶನಿವಾರ ಬಂತೆಂದರೆ ನಾಮ ಹಾಕಿಕೊಂಡು, ಶಂಖ ಊದಿ, ಜಾಗಟೆ ಬಡಿದು, ಮನೆ ಮನೆಯ ಮುಂದೆ ನಿಂತು ಭಿಕ್ಷೆ ಎತ್ತುತ್ತಿದ್ದ. ಎಷ್ಟೇ ದೊಡ್ಡ ಮನೆಯವನಾದರೂ ಆ ದಿನ ಭಿಕ್ಷುಕನೇ. ಬಂದದ್ದನ್ನು ಗುಡಿಯ ಅಂಗಳದಲ್ಲಿ ಬೇಯಿಸಿ, ಹಸಿದು ಬಂದವರಿಗೆ ಬಡಿಸಿ, ಆಮೇಲೆ ತಾನು ಉಣ್ಣಬೇಕು.

ನಮ್ಮೂರಿನಲ್ಲಿ ಅದಕ್ಕೊಂದು ಕಟ್ಟು ಇತ್ತು. ಯಾವ ಮನೆಯವರು ದಾಸಯ್ಯನಿಗೆ 'ಮುಂದಕ್ಕೆ ಹೋಗು' ಎಂದರೋ, ಅವರು ಮತ್ತೊಂದು ಶನಿವಾರ ಭಿಕ್ಷೆ ಹಾಕುವವರೆಗೆ ಆ ಮನೆಯ ನೀರನ್ನೂ ದಾಸಯ್ಯ ಮುಟ್ಟುವಂತಿಲ್ಲ. ಹಿಡಿ ಧಾನ್ಯ ಹಾಕಿದರೆ 'ಸಾಲದು' ಎನ್ನುವಂತೆಯೂ ಇಲ್ಲ.

ಪಿಳ್ಳಪ್ಪ ಸತ್ತ ಮೇಲೆ ಮಗ ವೆಂಕಟರಾಯಪ್ಪ ಜಾಗಟೆ ಮುಟ್ಟಲಿಲ್ಲ. ಪಂಚಾಯಿತಿಯಲ್ಲಿ ಕೂರುವವನು ಬೀದಿಯಲ್ಲಿ ಭಿಕ್ಷೆ ಎತ್ತುವುದು ಮರ್ಯಾದೆಗೆ ಕಡಿಮೆ ಎಂದು ಅವನ ಎಣಿಕೆ.

ಯುದ್ಧ ಮುಗಿದ ಮರುವರ್ಷ, ನಲವತ್ತಾರರಲ್ಲಿ, ನೂಲು ಸಿಗದೆ ಬಳ್ಳಾಪುರದ ಮಗ್ಗಗಳು ನಿಂತವು. ನೇಕಾರರು ಕೊಡ, ತಪ್ಪಲೆ ಹೊತ್ತು ಹಳ್ಳಿಗಳಿಗೆ ಬಂದು ರಾಗಿಗೆ ಬದಲು ಕೊಡುತ್ತೇವೆಂದು ಅಂಗಲಾಚಿದರು. ನಮ್ಮೂರಿನ ದೊಡ್ಡವರೆಲ್ಲ ಒಂದೇ ಮಾತು ಹೇಳಿದರು, "ಇದ್ದದ್ದೆಲ್ಲ ಲೆವಿಗೆ ಹೋಯ್ತು." ಸರ್ಕಾರ ಲೆವಿಯೆಂದು ರೈತರಿಂದ ಧಾನ್ಯ ಎತ್ತಿದ್ದು ನಿಜ. ಆದರೆ ಅವರವರ ಮನೆ ಮುಂದಿನ ಹಗೇವುಗಳು, ನೆಲದೊಳಗೆ ತೋಡಿ ರಾಗಿ ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿದ ಆ ಕಣಜಗಳು, ಹಾಗೆಯೇ ಇದ್ದವು. ವೆಂಕಟರಾಯಪ್ಪನದೇ ಎಲ್ಲಕ್ಕಿಂತ ದೊಡ್ಡದು. ಅವನು ಬೆಲೆ ಇನ್ನೂ ಏರಲೆಂದು ಕಾಯುತ್ತಿದ್ದ.

ಒಂದು ದಿನ ಅಕ್ಕಯ್ಯಮ್ಮ ಎಂಬ ನೇಕಾರರ ವಿಧವೆ, ನನಗೆ ದೂರದ ಸಂಬಂಧಿ, ವೆಂಕಟರಾಯಪ್ಪನ ಜಗಲಿಯ ಮುಂದೆ ಕಣ್ಣು ಕತ್ತಲೆ ಬಂದು ಕುಸಿದಳು. ಮುನಿವೆಂಕಟಮ್ಮ ಅವಳ ಬಾಯಿಗೆ ಮಜ್ಜಿಗೆ ಹಿಡಿದು, ಮಗನ ಕಡೆ ತಿರುಗಿ, "ಹಗೇವು ತೆಗಿ" ಎಂದಳು.

"ವಯಸ್ಸಾಯ್ತು, ಕೃಷ್ಣಾ ರಾಮಾ ಅಂತ ಮೂಲೇಲಿ ಕೂತ್ಕೋಬಾರದೇನವ್ವ?"

"ಮೂಲೇಲಿ ಕೂತು ಕೂಗಿದ್ರೆ ಸಾಮಿಗೆ ಕೇಳಿಸ್ತದೇನ್ಲಾ? ಬೀದೀಲೇ ಕೂಗ್ತೀನಿ."

ಎಪ್ಪತ್ತು ದಾಟಿದ್ದ, ಒಂದು ಕಣ್ಣಿಗೆ ಪೊರೆ ಬಂದಿದ್ದ ಹೆಂಗಸು ಅಟ್ಟದಿಂದ ಗಂಡನ ಶಂಖ ಜಾಗಟೆ ಇಳಿಸಿದ್ದು ಹೀಗೆ. ನಾನೇ ತಡೆಯಲು ನೋಡಿದೆ.

"ಅಕ್ಕಾ, ಹೆಂಗಸರು ಶಂಖ ಊದಬಾರದು ಅಂತಾರೆ."

"ಊದಬ್ಯಾಡ ಅಂತ ಸಾಮೀನೇ ಬಂದು ಹೇಳ್ಲಿ ಮೇಷ್ಟ್ರೇ. ಅಲ್ಲೀಗಂಟ ಊದ್ತೀನಿ. ಯಮ ನನ್ನ ಮರ್ತವ್ನೆ. ಸಾಮಿ ಮರ್ತಿಲ್ಲ. ಕೆಲ್ಸ ಮಡಗವ್ನೆ."

ಶ್ರಾವಣದ ಮೊದಲ ಶನಿವಾರ ಶಂಖದಿಂದ ಬರೀ ಗಾಳಿ ಬಂತು. ಆಮೇಲೆ ಏನೋ ಒಂದು ಸದ್ದು ಬಂತು. ಎದುರು ಮನೆಯ ಲಕ್ಕಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ, ಎಮ್ಮೆಕರ ಅರಚ್ದಂಗೈತೆ ಕಣಕ್ಕ!" ಎಂದಳು.

"ಎಮ್ಮೇನೇ ಅನ್ಕೋ. ಮೇವು ಹಾಕು ಮತ್ತೆ."

ಲಕ್ಕಮ್ಮ ನಗುತ್ತಲೇ ಮೊರದಲ್ಲಿ ರಾಗಿ ತಂದು ಸುರಿದಳು. ಮುನಿವೆಂಕಟಮ್ಮ ಬೀದಿಯೆಲ್ಲ ತಿರುಗಿ ಕಡೆಗೆ ತನ್ನ ಮನೆಯ ಬಾಗಿಲಿಗೇ ಬಂದು ನಿಂತು, "ವೆಂಕಟರಮಣಾ ಗೋವಿಂದಾ" ಎಂದು ಜಾಗಟೆ ಬಡಿದಳು. ವೆಂಕಟರಾಯಪ್ಪ ಹೊರಬಂದ. ಹಿಂದೆ ನೆರೆದ ಜನವನ್ನು ನೋಡಿ ಅವನ ಮುಖ ಕೆಂಪಾಯಿತು. ಬೇಕೆಂದೇ ಅಂದನೋ, ದಿನವೂ ನೇಕಾರರಿಗೆ ಹೇಳಿ ಹೇಳಿ ಅಭ್ಯಾಸವಾಗಿತ್ತೋ, "ಮುಂದಕ್ಕೆ ಹೋಗು" ಎಂದುಬಿಟ್ಟ.

ಆಕೆ ತಿರುಗಿ ಆಂಜನೇಯನ ಗುಡಿಗೆ ನಡೆದಳು. ಆ ವಾರವೆಲ್ಲ ಗುಡಿಯ ಪಡಸಾಲೆಯೇ ಆಕೆಗೆ ಮನೆ. ಬೇಡಿ ತಂದ ರಾಗಿಯಲ್ಲಿ ಗಂಜಿ ಕಾಯಿಸಿ ನೇಕಾರರಿಗೆ ಬಡಿಸಿ, ತಳ ಕೆರೆದು ತಾನು ಕುಡಿಯುತ್ತಿದ್ದಳು. ಸೊಸೆ ಅಂಜಿನಮ್ಮ ಮುದ್ದೆ ಸಾರು ತಂದು ಅತ್ತಳು.

"ಅತ್ತೆ, ನನ್ನ ಮಕ ನೋಡಿ ಒಂದು ತುತ್ತು ಉಣ್ಣಿ."

"ನಿನ್ನ ಮಕ ನೋಡಿ ಉಣ್ತಿದ್ದೆ ಕಣವ್ವ. ಬಾಗ್ಲು ಅವನ್ದು."

ನೆಂಟರೆಲ್ಲ ಮಗನಿಗೆ ಉಗಿದರು. ಮುಂದಿನ ಶನಿವಾರ ವೆಂಕಟರಾಯಪ್ಪ ಬಾಗಿಲಲ್ಲಿ ಕಾದಿದ್ದು ಒಂದು ಹಿಡಿ ರಾಗಿ ಹಾಕಿದ. "ಭಿಕ್ಷೆ ಬಿತ್ತಲ್ಲ. ಇನ್ನು ಒಳಕ್ಕೆ ಬಾ."

ಹಿಡಿ ಬಿದ್ದ ಮೇಲೆ ಮಾತಿಲ್ಲ. ಕಟ್ಟು ಆಕೆಯನ್ನೂ ಕಟ್ಟಿತ್ತು. "ಗೋವಿಂದಾ" ಎಂದು ಹರಸಿ, ಉಳಿದ ಮನೆಗಳಿಗೂ ಹೋಗಿ ಬಂದು, ಗುಡಿಯಲ್ಲಿ ಬಡಿಸಿದ ಮೇಲೆ ಒಳಗೆ ಹೋದಳು. ಅವನನ್ನು ನೋಡಿ ಉಳಿದ ದೊಡ್ಡ ಮನೆಗಳವರೂ ಮೊರ ಬಿಟ್ಟು ಹಿಡಿಗೆ ಇಳಿದರು. ಆ ದಿನದ ಗಂಜಿಯಲ್ಲಿ ತಪ್ಪಲೆಯ ತಳ ಕಾಣುತ್ತಿತ್ತು. ಗುಡಿಗೆ ಬಂದ ನೇಕಾರರಲ್ಲಿ ಅರ್ಧ ಜನ ಬರೀ ಹೊಟ್ಟೆಯಲ್ಲಿ ಹಿಂದಿರುಗಿದರು. ಅಕ್ಕಯ್ಯಮ್ಮನ ಪಾಲಿಗೂ ಏನೂ ಉಳಿಯಲಿಲ್ಲ. ಗಂಜಿ ಕಾಯಿಸಲು ನೆರವಾಗುತ್ತಿದ್ದ ನಾನು ಇಲ್ಲಿಗೆ ಮುಗಿಯಿತು ಎಂದುಕೊಂಡು ಒಲೆ ಆರಿಸಿದೆ.

ಆಗ ಬೀದಿಯಲ್ಲಿ ಶಂಖ ಕೇಳಿತು. ಹೋಗಿ ನೋಡಿದರೆ ಮುನಿವೆಂಕಟಮ್ಮ ಉಂಡು, ಕೈ ತೊಳೆದು, ಹಿತ್ತಿಲಿಂದ ಸುತ್ತಿಕೊಂಡು ಬಂದು, ಅದೇ ಬಾಗಿಲಲ್ಲಿ ನಿಂತಿದ್ದಾಳೆ.

"ಬೆಳಗ್ಗೆ ಹಾಕಿದ್ನಲ್ಲವ್ವಾ!"

"ಬೆಳಗ್ಗೆ ಉಂಡೋನಿಗೆ ಮಧ್ಯಾಹ್ನ ಹಸಿಯಾಕಿಲ್ವೇನ್ಲಾ? ಇನ್ನೂ ಶನಿವಾರವೇ. ಹಾಕು. ಇಲ್ಲ, ಮುಂದಕ್ಕೆ ಹೋಗು ಅನ್ನು."

ಅನ್ನಲು ಅವನಿಗೆ ಧೈರ್ಯವಿಲ್ಲ. ಹಿಡಿ ಹಾಕಿದ. ಆಕೆ ಹರಸಿದಳು, ಗುಡಿಗೆ ಬಂದು ಸುರಿದಳು, ಮತ್ತೆ ಹೊರಟಳು. ಹೊತ್ತು ಮುಳುಗುವವರೆಗೆ ಇದೇ ನಡೆಯಿತು. ಹುಡುಗರು ಹಿಂದೆ ಬಿದ್ದರು, ಹೆಂಗಸರು ಕೆಲಸ ಬಿಟ್ಟು ಜಗಲಿಗೆ ಬಂದರು. ಪ್ರತಿ ಸಲವೂ ವೆಂಕಟರಾಯಪ್ಪ ಎದ್ದು ಬರಬೇಕು, ಬಗ್ಗಬೇಕು, ಹಾಕಬೇಕು. ಮನೆಯೊಳಗಿನ ಮಡಕೆ ಬರಿದಾಯಿತು. "ಇನ್ನು ಹಿಡಿ ಬೇಕಂದ್ರೂ ಹಗೇವು ತೆಗೀಬೇಕು" ಎಂದು ಅಂಜಿನಮ್ಮ ಬೀದಿಗೆ ಕೇಳುವಂತೆಯೇ ಹೇಳಿದಳು. ಆಕೆಗೆ ಅಷ್ಟು ದೊಡ್ಡ ದನಿ ಇದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹಗೇವನ್ನು ಗುಟ್ಟಾಗಿ ತೆಗೆಯಲಾಗುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಬಾಯಿ ತೆರೆದೇ ಬಿಡಬೇಕು. ಇಲ್ಲದಿದ್ದರೆ ಇಳಿದವನು ಹೆಣ. ವಾರವೆಲ್ಲ ಕಡ ತಂದ ರಾಗಿಯಲ್ಲಿ ದೂಡಿ, ಮುಂದಿನ ಶನಿವಾರ ಬೆಳಗ್ಗೆ, ಮತ್ತೆ ಶಂಖ ಕೇಳಿದೊಡನೆ, ವೆಂಕಟರಾಯಪ್ಪ ಚಪ್ಪಡಿ ಎತ್ತಿಸಿದ. ಮುಗ್ಗಲು ವಾಸನೆ ಬೀದಿಗೆಲ್ಲ ಹರಡಿತು. ಊರೆಲ್ಲ ನೋಡಿತು. ಇನ್ನು ಲೆವಿಯವರಿಗೆ ತಿಳಿಯದೆ ಇರುತ್ತದೆಯೇ? ಲೆವಿ ಎತ್ತುವ ತಾಲ್ಲೂಕಿನ ಅಮಲ್ದಾರರಿಗೆ ಕೊಡುವುದಕ್ಕಿಂತ ಅವ್ವನಿಗೆ ಕೊಡುವುದು ವಾಸಿ ಎನಿಸಿರಬೇಕು. ಒಂದು ಮೂಟೆ ಕಟ್ಟಿಸಿ ಬಾಗಿಲಿಗೆ ತಂದಿಟ್ಟ.

"ತಗೊ. ಇನ್ನಾದ್ರೂ ಸುಮ್ಕಿರು. ಆಳನ್ನ ಕರೀತೀನಿ, ಹೊತ್ಕೊಂಡು ಬರ್ತಾನೆ."

"ಸಾಮಿ ಭಿಕ್ಷೇನ ಆಳಿನ ಕೈಲಿ ಕಳಿಸ್ತಾರೇನ್ಲಾ? ಎತ್ತು."

ಎತ್ತಿದ. ಮುಂದೆ ಮುದುಕಿ ಶಂಖ ಊದುತ್ತಾ, ಹಿಂದೆ ಪಂಚಾಯಿತಿ ಮೆಂಬರು ಮೂಟೆ ಹೊತ್ತು. ಗುಡಿಯಲ್ಲಿ ಅಕ್ಕಯ್ಯಮ್ಮ ಸೆರಗೊಡ್ಡಿ ನಿಂತಾಗ ಮುನಿವೆಂಕಟಮ್ಮ ಬಳ್ಳವನ್ನು ಮಗನ ಕೈಗೆ ಕೊಟ್ಟಳು. ಅವನು ಅಳೆದು ಹಾಕಿದ. ತಲೆ ಎತ್ತಲಿಲ್ಲ. ನಾನು ಅವನನ್ನು ಹೊಗಳುವುದಿಲ್ಲ. ಆದರೆ ಹಾಕಿದ. ಆ ಶ್ರಾವಣ ಮುಗಿಯುವುದರೊಳಗೆ ಬೀದಿಯಲ್ಲಿ ಇನ್ನೂ ಕೆಲವು ಚಪ್ಪಡಿಗಳು ಎದ್ದವು.

ನೂಲು ಬಂತು, ಮಗ್ಗಗಳು ಮತ್ತೆ ಆಡಿದವು. ಮುನಿವೆಂಕಟಮ್ಮ ನಿಲ್ಲಿಸಲಿಲ್ಲ. ಶ್ರಾವಣವೆಂದಿಲ್ಲ, ಪ್ರತಿ ಶನಿವಾರವೂ ಹೊರಟಳು. ಹಸಿದವರು ತಿಂಗಳು ನೋಡಿ ಹಸಿಯುವುದಿಲ್ಲ ಎಂಬುದು ಆಕೆಯ ವಾದ. ಶಂಖ ಊದುವುದನ್ನೂ ಚೆನ್ನಾಗಿಯೇ ಕಲಿತಳು.

ಈ ಶ್ರಾವಣದ ಕಡೆಯ ಶನಿವಾರ ಬೀದಿಯಲ್ಲಿ ಕಾಲು ಸೋತು ಬೇವಿನ ಮರದ ಕೆಳಗೆ ಕುಳಿತಳು. ನಾನೂ ವೆಂಕಟರಾಯಪ್ಪನೂ ಓಡಿದೆವು. "ಎತ್ಕೊಂಡು ಹೋಗ್ತೀನಿ, ಬಾರವ್ವ" ಎಂದು ಅವನು ಅಂಗಲಾಚಿದ. "ಇನ್ನೆರಡು ಮನೆ ಅವೆ ಕಣ್ಲಾ, ತಡಿ" ಎಂದಳು. ಏಳಲು ನೋಡಿದಳು. ಆಗಲಿಲ್ಲ.

ಆ ಎರಡು ಮನೆಯವರು ಆಮೇಲೆ ಕಣ್ಣೀರಿಟ್ಟು ತಾವಾಗಿಯೇ ರಾಗಿ ತಂದು ಗುಡಿಗೆ ಸುರಿದರೆಂದು ಈಗ ಊರಿನಲ್ಲಿ ಕಥೆ ಕಟ್ಟುತ್ತಿದ್ದಾರೆ. ಸುರಿಯಲಿಲ್ಲ. ನಾನು ಅಲ್ಲೇ ಇದ್ದೆ. ಆಕೆ ಹೋಗಿ ನಿಂತಿದ್ದರೆ ಸುರಿಯುತ್ತಿದ್ದರು.