ವರದಿ ತಡವಾಗುತ್ತಿದ್ದ ಸಂಜೆಗಳು

ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರದ ಅಡಿಕೆ ಮಂಡಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೆ. ದಿನದ ಆವಕದ, ಅಂದರೆ ರೈತರಿಂದ ಬಂದ ಮಾಲಿನ, ವರದಿ ಕೆಲವು ಸಂಜೆ ಐದೇ ನಿಮಿಷಕ್ಕೆ ಬರುತ್ತಿತ್ತು, ಕೆಲವು ಸಂಜೆ ಒಂದು ಗಂಟೆ ಹಿಡಿಯುತ್ತಿತ್ತು. ಆಗ ಹತ್ತಿರದ ನಮ್ಮೂರು ಉಳವಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತಿತ್ತು. ಅಲ್ಲಿ ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಳು.

ಮಂಡಿಯ ಎರಡು ಕಂಪ್ಯೂಟರುಗಳನ್ನು ಜೋಡಿಸಿದ್ದ ಕೇಬಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಒಂದು ಸಂಜೆ ಪಕ್ಕದ ಕೋಣೆಗೆ ಹೋದೆ. ಹಿರಿಯ ಗುಮಾಸ್ತರು ತಮ್ಮ ಕಂಪ್ಯೂಟರಿನಲ್ಲಿ ಆವಕದ ಪುಟ ತೆರೆದಿಟ್ಟು ಸುಮ್ಮನೆ ಕೂತಿದ್ದರು. ಆ ಪುಟಕ್ಕೂ ನನ್ನ ವರದಿಗೂ ಒಂದೇ ಕಡತವಾದ್ದರಿಂದ ಅವರು ಅದನ್ನು ಮುಚ್ಚುವವರೆಗೆ ನನ್ನ ವರದಿ ಕಾಯುತ್ತಿತ್ತು.

“ತೂಕ ಮುಗೀತಲ್ರೀ, ಮುಚ್ಚಿ,” ಎಂದೆ.

“ಮಾಲು ತಂದ ರೈತ ಇನ್ನೂ ಅಂಗಳದಾಗೆ ಕೂತಾನೆ. ಈಗ ಪುಸ್ತಕ ಮುಚ್ಚಿದ್ರೆ ಎದ್ದು ಹೋಗು ಅಂದಂಗೆ ಕಣ್ರೀ.”

ಕಂಪ್ಯೂಟರ್ ಬರುವ ಮೊದಲು ಆವಕ ಬರೆಯುತ್ತಿದ್ದ ಕಾಗದದ ಪುಸ್ತಕವನ್ನು ತಂದು ಅವರ ಮುಂದೆ ತೆರೆದಿಟ್ಟು, “ರೈತ ಏಳೋವರೆಗೂ ಇದು ತೆರೆದಿರಲಿ,” ಎಂದೆ. ಅವರು ನಕ್ಕು, ಕಂಪ್ಯೂಟರಿನ ಪುಟ ಮುಚ್ಚಿದರು.

ಆಮೇಲೆ ಬಸ್ಸು ತಪ್ಪಲಿಲ್ಲ. ಹೆಂಡತಿಯ ಕೊನೆಯ ದಿನದವರೆಗೂ ಅವಳಿಗೆ ಸಂಜೆಯ ಗಂಜಿ ನಾನೇ ಕುಡಿಸಿದೆ.