ದೊಡ್ಡಮ್ಮ ಓದದೆ ಬಿಟ್ಟ ಹೆಸರು

ಜಿಲ್ಲೆಯ ಯಾವ ತಾಲ್ಲೂಕಿನಲ್ಲಿ ಓದು ಬಲ್ಲವರು ಹೆಚ್ಚು ಎಂಬ ಪಟ್ಟಿ ಆ ವರ್ಷ ಪತ್ರಿಕೆಯಲ್ಲಿ ಬಂತು. ಚಿತ್ರದುರ್ಗದವರು ಕೋಟೆಯನ್ನು ತಾವೇ ಕಟ್ಟಿದವರಂತೆ ಎದೆ ಉಬ್ಬಿಸಿದರು. ಮಾರಿಕಣಿವೆ ಅಣೆಕಟ್ಟಿನ ನೀರು ಕುಡಿದವರಿಗೆ ಅಕ್ಷರ ತಾನಾಗಿ ಹತ್ತುತ್ತದೆ ಎಂದರು ಹಿರಿಯೂರಿನವರು. ಹೊಸದುರ್ಗ ನಮ್ಮ ಹೊಳಲ್ಕೆರೆಗಿಂತ ಒಂದು ಮೆಟ್ಟಿಲು ಮೇಲಿತ್ತು. ದೊಡ್ಡಮ್ಮನ ಬೀಗಿತ್ತಿಗೆ ಅಷ್ಟೇ ಸಾಕಾಯಿತು. ದೊಡ್ಡಮ್ಮನ ಮಗಳನ್ನು ಕೊಟ್ಟದ್ದು ಹೊಸದುರ್ಗಕ್ಕೆ. ಮೊಮ್ಮಗುವಿನ ನಾಮಕರಣದ ಊಟದ ಪಂಕ್ತಿಯಲ್ಲೇ ಬೀಗಿತ್ತಿ ಮಾತು ತೆಗೆದಳು.

"ನಿಮ್ ಕಡೆಯೋರು ಬಿಡಕ್ಕ, ಬರೀ ಹೆಬ್ಬೆಟ್ಟು. ಪೇಪರ್‌ನಾಗೇ ಬಂದೈತೆ."

ದೊಡ್ಡಮ್ಮ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಹೋಳಿಗೆ ಬಿಡುವ ಹೆಂಗಸಲ್ಲ ಅವಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತೋಳು ಹಿಡಿದಳು.

"ಲೇ, ನಂಗೆ ಓದದು ಕಲ್ಸು. ಯುಗಾದಿಗೆ ಅವಳ ಮುಂದೆ ಕುಂತು ಪೇಪರ್ ಓದ್ಬೇಕು."

ಆಗ ನಾನು ಡಿಗ್ರಿಯ ಇಂಗ್ಲಿಷಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದು ಊರಲ್ಲಿ ಬಿದ್ದಿದ್ದೆ. ಇವನಿಗೆ ಓದು ಬಾರದು ಎಂದು ವಿಶ್ವವಿದ್ಯಾಲಯವೇ ಬರೆದುಕೊಟ್ಟ ಮನುಷ್ಯ ನಮ್ಮೂರ ವಯಸ್ಕರ ಸಂಜೆ ಶಾಲೆಗೆ ಮೇಷ್ಟ್ರು! ನನಗೆ ಚೆನ್ನಾಗಿ ಬರುತ್ತಿದ್ದದ್ದು ಇನ್ನೊಬ್ಬರ ದನಿ ತೆಗೆಯುವುದೊಂದೇ. ಹಾಗಾಗಿ ಪಾಠಗಳನ್ನೆಲ್ಲ ಭೀಮಸಮುದ್ರದ ಬಸ್ಸಿನ ಕಂಡಕ್ಟರನ ಗಂಟಲಲ್ಲಿ ಓದಿಸಿದೆ. ತರಗತಿ ನಕ್ಕು ನಕ್ಕು ಕಲಿಯಿತು. ಏನು ಕಲಿಯಿತು ಎಂದು ಮಾತ್ರ ನಾನು ನೋಡಲಿಲ್ಲ.

ಪುಸ್ತಕದ ಮೂರನೇ ಪಾಠದಲ್ಲಿ ಶಾಲೆಗೆ ಹೋಗುವ ಒಬ್ಬ ಹುಡುಗ ಬರುತ್ತಿದ್ದ. ಅವನ ಹೆಸರೂ ನಮ್ಮ ದೊಡ್ಡಪ್ಪನ ಹೆಸರೂ ಒಂದೇ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ, ದೊಡ್ಡಮ್ಮ ಈಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಾಳೆ. ಗಂಡನ ಹೆಸರನ್ನು ಅವಳು ಮದುವೆಯಾದಂದಿನಿಂದ ಬಾಯಲ್ಲಿ ಆಡಿದವಳಲ್ಲ. ಆ ಜಾಗ ಬಂದಾಗ ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದಳು. ತರಗತಿಯೆಲ್ಲ ಒಟ್ಟಾಗಿ ಆ ಹೆಸರು ಕೂಗುತ್ತಿತ್ತು. ಅವಳು ಮುಂದಕ್ಕೆ ಓದುತ್ತಿದ್ದಳು. ನಮಗೆಲ್ಲ ಅದು ರೂಢಿಯಾಗಿ ಹೋಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಸಾಹೇಬರು ಬಂದರು. ಮೈಸೂರು ಕಡೆಯವರು, ಕೈಯಲ್ಲಿ ನಶ್ಯದ ಡಬ್ಬಿ. ಪಾಸಾದವರು ತಾಲ್ಲೂಕಿನ ಲೆಕ್ಕಕ್ಕೆ ಓದು ಬಲ್ಲವರಾಗಿ ಸೇರುತ್ತಾರೆ ಎಂದರು. ಅವರು ನಶ್ಯ ಏರಿಸಿ ಸೀನುವುದನ್ನು ನಾನು ಬೆನ್ನ ಹಿಂದೆ ನಿಂತು ಹಾಗೇ ಮಾಡಿ ತೋರಿಸುವಾಗ ಅವರು ತಿರುಗಿಬಿಟ್ಟರು.

"ಪರೀಕ್ಷೆ ಮುಗಿಯೋವರೆಗೂ ನೀವು ಬಾಯಿ ಬಿಡಕೂಡದು. ಬೇರೆ ಯಾರೂ ಉಸಿರೆತ್ತಬಾರದು."

ಮೊದಲು ಎದ್ದವನು ಕುರಿ ಸಾಕುವ ಮಾವ. ಪುಸ್ತಕ ಹಿಡಿದು ಅದೇ ಮೂರನೇ ಪಾಠವನ್ನು ಬಸ್ಸು ಬಿಟ್ಟ ಹಾಗೆ ಬಿಟ್ಟ. ಒಂದೊಂದು ಸಾಲು ಮುಗಿದಾಗಲೂ "ರೈಟ್, ರೈಟ್!" ಎಂದ. ಅದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ, ನನ್ನ ಗಂಟಲಲ್ಲಿತ್ತು. ಸಾಹೇಬರು ಉತ್ಸಾಹಕ್ಕೆ ಮೆಚ್ಚಿ ಪಾಸು ಹಾಕಿದರು.

ಆಮೇಲೆ ದೊಡ್ಡಮ್ಮ. ಎರಡು ಸಾಲು ಬೆರಳಿಟ್ಟು ಸ್ಪಷ್ಟವಾಗಿ ಓದಿದಳು. ಮೂರನೇ ಸಾಲಿಗೆ ಬಂದವಳೇ ಸೆರಗು ಸರಿಮಾಡಿಕೊಂಡು ನಿಂತಳು. ತರಗತಿ ಉಸಿರೆತ್ತಲಿಲ್ಲ. ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ದೊಡ್ಡಪ್ಪ ಬೇರೆ ಒಳಗೆ ಇಣುಕಿದ.

"ಹೂಂ, ಮುಂದೆ ಓದೀಮ್ಮ."

"ಅದೊಂದು ನೀವೇ ಓದ್ಕಳ್ರಿ ಸ್ವಾಮಿ."

"ನಾನು ಓದಿದರೆ ನಾನು ಪಾಸಾಗ್ತೀನಿ. ಬರೋದಿಲ್ಲ ಅಂತ ಬರ್ಕೊಳ್ಳಲಾ?"

ನನಗೆ ಬಾಯಿ ತುರಿಸಿತು. ಅಷ್ಟರಲ್ಲಿ ಹಿಂದಿನ ಸಾಲಿನ ಹೆಂಗಸೊಬ್ಬಳು ತಡೆಯಲಾರದೆ, "ಅಯ್ಯೋ ಸಾಹೇಬ್ರೆ, ಅದು ಅವರ ಯಜಮಾನ್ರ ಹೆಸ್ರು!" ಎಂದಳು.

"ಪಾಠದಲ್ಲಿರೋನು ಚಿಕ್ಕ ಹುಡುಗ ಕಣಮ್ಮ."

"ಹುಡ್ಗ ಆದ್ರೇನು, ಹೆಸ್ರು ಅದೇ ಅಲ್ವಾ?" ದೊಡ್ಡಮ್ಮನ ದನಿ ಏರಿತು. "ಅಲ್ರೀ, ಓದಕ್ಕೆ ಬರ್ದೇ ಇದ್ದಿದ್ರೆ ನಾನು ಸರಿಯಾಗಿ ಅಲ್ಲೇ ಯಾಕೆ ನಿಲ್ತಿದ್ದೆ? ಈ ಕುರಿಯೋನ್ನ ನಿಲ್ಸಿ ನೋಡ್ರಿ, ಬ್ರೇಕೇ ಇಲ್ಲ!"

ಮಾವ ಮೀಸೆ ಸವರುವುದನ್ನು ನಿಲ್ಲಿಸಿದ. ಸಾಹೇಬರು ನಶ್ಯ ಏರಿಸಿದರು, ಸೀನಿದರು, ಮೂಗು ಒರೆಸಿಕೊಂಡರು. ಆಮೇಲೆ ಪುಸ್ತಕದ ಕೊನೆಯ ಕಡೆ ತೆರೆದುಕೊಟ್ಟರು. ಆ ಪಾಠವನ್ನು ನಾನು ಮಾಡಿಯೇ ಇರಲಿಲ್ಲ. ಅಲ್ಲಿ ಕಂಡಕ್ಟರೂ ಇಲ್ಲ, ದೊಡ್ಡಪ್ಪನೂ ಇಲ್ಲ. ದೊಡ್ಡಮ್ಮ ಒಂದೊಂದೇ ಅಕ್ಷರ ಕೂಡಿಸುತ್ತ, ಒತ್ತಕ್ಷರ ಬಂದಲ್ಲಿ ಹಲ್ಲು ಕಚ್ಚುತ್ತ ಹೋದಳು. ಕೆರೆ ತುಂಬಿತ್ತು, ಊರಿನವರು ಏರಿಯ ಮೇಲೆ ನಿಂತಿದ್ದರು. ಓದಿ ಮುಗಿಸಿ ತಲೆ ಎತ್ತಿದಳು.

"ಇದು ಯಾವೂರ ಕೆರೆ ಸ್ವಾಮಿ? ಭರಮಸಾಗರದ್ದಾ? ಕೋಡಿ ಬಿತ್ತಾ ಇಲ್ವಾ, ಹೇಳೇ ಇಲ್ವಲ್ಲ?"

ಅಷ್ಟು ತಿಂಗಳಲ್ಲಿ ಪಾಠದ ಬಗ್ಗೆ ನನ್ನನ್ನು ಒಬ್ಬರೂ ಏನೂ ಕೇಳಿರಲಿಲ್ಲ. ಸಾಹೇಬರು ನಕ್ಕು ಪಾಸು ಹಾಕಿದರು. ಹಾಗೇ ಮಾವನ ಕಡೆ ತಿರುಗಿ, "ನೀವೂ ಇದನ್ನೊಂದು ಸಲ..." ಎಂದರು. ಮಾವ ಆಗಲೇ ಬಾಗಿಲಲ್ಲಿದ್ದ. "ಕುರಿ ಬಿಡೋ ಹೊತ್ತಾತು ಸಾಹೇಬ್ರೆ, ಬರ್ತೀನಿ!"

ಯುಗಾದಿಗೆ ಹೊಸದುರ್ಗಕ್ಕೆ ಹೋದೆವು. ತಿಂಡಿಗೆ ಮಂಡಕ್ಕಿ, ಮೆಣಸಿನಕಾಯಿ. ದೊಡ್ಡಮ್ಮ ಮಂಡಕ್ಕಿಯನ್ನು ತಟ್ಟೆಗೆ ಸುರಿದು, ಅಂಗಡಿಯವನು ಅದನ್ನು ಕಟ್ಟಿಕೊಟ್ಟಿದ್ದ ಪತ್ರಿಕೆಯ ಹಾಳೆಯನ್ನು ತೊಡೆಯ ಮೇಲೆ ಹರಡಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಯಾರದೋ ಮದುವೆ ದಿಬ್ಬಣದ ಲಾರಿ ದಾರಿ ತಪ್ಪಿ, ಬೇರೆಯವರ ಮದುವೆ ಮನೆಗೆ ಹೋಗಿ ಊಟಕ್ಕೆ ಕೂತ ಸುದ್ದಿ.

ಬೀಗಿತ್ತಿ ಸ್ವಲ್ಪ ಹೊತ್ತು ಕೇಳಿದಳು. "ಎಷ್ಟ್ ಓದಿದ್ರೂ ನಮ್ ತಾಲೂಕೇ ಮುಂದೆ, ಅಕ್ಕ."

"ಇರ್ಲಿ ಬಿಡು. ಹಿಂದೆ ಬಿದ್ದಿರದು ತಾಲೂಕು, ನಾನಲ್ಲ."

"ಅದ್ಸರಿ, ಆಮೇಲೆ? ಹುಡ್ಗೀ ಕಡೆಯೋರಿಗೆ ಗೊತ್ತಾತಾ?" ಬೀಗಿತ್ತಿ ಪಕ್ಕಕ್ಕೆ ಸರಿದು ಕೂತು ತಾನೂ ಬೆರಳಿಟ್ಟಳು. ಅವಳೂ ಅಕ್ಷರ ಕೂಡಿಸಿಯೇ ಓದುವವಳು, ದೊಡ್ಡಮ್ಮನಿಗಿಂತ ಒಂದು ಚೂರು ನಿಧಾನ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಓದುತ್ತ ಹೋದರು. ಸರಿಯಾಗಿ ದಿಬ್ಬಣದವರ ಊಟದ ಮಧ್ಯದಲ್ಲಿ ಕಾಗದ ಹರಿದಿತ್ತು.

ಇಬ್ಬರ ಮುಖವೂ ಸಪ್ಪಗಾಯಿತು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಲೇ, ಅದೇ ಅಂಗಡಿಗೆ ಹೋಗು. ಇನ್ನರ್ಧ ಅವನತ್ರಾನೇ ಇರ್ತೈತೆ. ಸಿಗೋವರ್ಗೂ ಮಂಡಕ್ಕಿ ಕಟ್ಟಿಸ್ಕಂಡು ಬಾ!"